ಖಾದರಸಾಬರ ಕಿಟಕಿ

ಹೋದ ತಿಂಗಳು ಹಾವೇರಿಯ ಹೊಸ ಬಡಾವಣೆಯಲ್ಲಿ ಪರಿಚಯದವರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ. ಮನೆಯೊಡತಿ ಒಂದೊಂದೇ ಕೋಣೆ ತೋರಿಸುತ್ತ, ನೆಲದ ಹೊಳಪನ್ನೂ ಗೋಡೆಯ ಬಣ್ಣವನ್ನೂ ನಮ್ಮಿಂದ ಹೊಗಳಿಸಿಕೊಳ್ಳುತ್ತ, ಕೊನೆಗೆ ಮಕ್ಕಳ ಕೋಣೆಗೆ ಕರೆತಂದರು. ನಾನು ಅಲ್ಲಿ ನಿಂತವಳು ಹಾಗೆಯೇ ನೆಲಕ್ಕೆ ಕುಳಿತುಬಿಟ್ಟೆ. ಆಕೆ ಗಾಬರಿಯಾಗಿ ನೀರು ತರಲು ಕೂಗಿದರು.

"ತಲಿ ತಿರಗಾಕತ್ತೇತೇನ್ರಿ ಅಕ್ಕಾರ?"

"ಇಲ್ಲ ತಗೋರಿ. ಕಿಟಕ್ಯಾಗಿಂದ ಏನ ಕಾಣತೈತಿ ಅಂತ ನೋಡಾಕತ್ತಿದ್ದೆ."

"ಕಿಟಕಿ ನೋಡಾಕ ನೆಲಕ್ಯಾಕ ಕುಂತ್ರಿ?"

ಉತ್ತರ ಉದ್ದವಿತ್ತು, ಹೊರಗೆ ಊಟದ ಎಲೆ ಹಾಕಿಯಾಗಿತ್ತು. ಹೋಳಿಗೆ ಬಡಿಸುವ ಕೈಯೆದುರು ಮನೆಯ ಕೊರತೆ ಆಡಬಾರದೆಂಬ ಬುದ್ಧಿ ಈ ವಯಸ್ಸಿಗಾದರೂ ನನಗೆ ಬಂದಿದೆ. ಸುಮ್ಮನೆ ಎದ್ದು ಕೈ ತೊಳೆದೆ. ನಿಮಗೆ ಹೇಳಲು ಅಡ್ಡಿಯಿಲ್ಲ. ಆ ಕೋಣೆಯಲ್ಲಿ ಕುಳಿತ ಮಗುವಿಗೆ ಕಿಟಕಿಯಿಂದ ಕಾಣುವುದು ಒಂದು ತುಂಡು ಆಕಾಶ ಮತ್ತು ಕರೆಂಟಿನ ತಂತಿ, ಅಷ್ಟೇ. ಯಾರ ಮನೆಗೆ ಹೋದರೂ ಹೀಗೆ ಕುಳಿತು ನೋಡುವ ಚಟ ನನಗೆ ಅಂಟಿ ಮೂವತ್ತೈದು ವರ್ಷ ಮೇಲಾಯಿತು. ನಮ್ಮ ಯಜಮಾನರು ಇದ್ದಾಗ, "ಇಕಿನ್ನ ಯಾರ ಮನಿಗರೆ ಕರಕೊಂಡ ಹೋಗೂದಂದ್ರ, ಮೊದಲ ಅಲ್ಲೆ ಚಾಪಿ ಐತೇನ ಅಂತ ಕೇಳಬೇಕ್ರಿ" ಎಂದು ಬಂಧುಗಳ ಎದುರು ನನ್ನ ಮಾನ ಕಳೆಯುತ್ತಿದ್ದರು.

ಈ ಚಟ ಹಚ್ಚಿದವರು ಗೋಡೆ ಕಟ್ಟುವ ಒಬ್ಬ ಗೌಂಡಿ. ಅವರ ಕಥೆಗೆ ಬರುವ ಮೊದಲು ನನ್ನ ಬಾಯಿಯ ಕಥೆ ಹೇಳಬೇಕು. ಅದು ನಮ್ಮಪ್ಪನಿಂದ ಬಂದ ಬಾಯಿ.

ನಾನು ಹುಟ್ಟಿ ಬೆಳೆದದ್ದು ಬ್ಯಾಡಗಿಯಲ್ಲಿ. ಅಪ್ಪ ಮೆಣಸಿನಕಾಯಿ ಪೇಟೆಯಲ್ಲಿ ಚೀಲ ತೂಗುವವರು. ಸುಗ್ಗಿಯಲ್ಲಿ ಊರಿಗೆ ಊರೇ ಕೆಂಪಾಗುತ್ತಿತ್ತು. ಪರಸ್ಥಳದವರು ಬಸ್ಸಿಳಿದ ಕೂಡಲೇ ಮೂಗಿಗೆ ಬಟ್ಟೆ ಹಿಡಿದರೆ ನಮಗೆ ನಗು ಬರುತ್ತಿತ್ತು. ಶಾಲೆಯ ಪ್ರಾರ್ಥನೆಯ ನಡುವೆ ದಿನಕ್ಕೆ ಇಬ್ಬರಾದರೂ ಸೀನುತ್ತಿದ್ದರು, ಒಮ್ಮೊಮ್ಮೆ ಮಾಸ್ತರರೂ. ಅಪ್ಪನ ಅಂಗಿಯನ್ನು ಅವ್ವ ಬೇರೆ ಬುಟ್ಟಿಯಲ್ಲಿ ಒಗೆಯುತ್ತಿದ್ದಳು. ಒಮ್ಮೆ ನಾನು ಆ ನೀರಿನಲ್ಲೇ ಮುಖ ತೊಳೆದು ಇಡೀ ಓಣಿ ಸೇರುವಂತೆ ಅತ್ತದ್ದುಂಟು.

ಅಪ್ಪನ ಧ್ವನಿ ಪೇಟೆಗೇ ಹೆಸರಾಗಿತ್ತು. ಮೊದಲ ಚೀಲಕ್ಕೆ ಒಂದು ಎನ್ನದೆ "ಲಾಭಾ" ಎಂದು ರಾಗ ಎಳೆಯುವರು, ಆಮೇಲೆ ಪ್ರತಿ ಚೀಲದ ತೂಕವನ್ನೂ ಗಟ್ಟಿಯಾಗಿ ಕೂಗುವರು. ಅಷ್ಟು ಯಾಕೆ ಕೂಗುತ್ತೀ ಎಂದು ನಾನು ಒಮ್ಮೆ ಕೇಳಿದೆ. "ತೂಕ ನಾಕ ಮಂದಿಗೆ ಕೇಳಬೇಕವ್ವಾ. ಪಿಸಿಪಿಸಿ ಅಂದ್ರ ಅದು ಮೋಸ" ಎಂದರು. ಆ ಮಾತು ನನ್ನ ತಲೆಯಲ್ಲಿ ದೇವರ ಮಾತಿನಂತೆ ಕುಳಿತಿತು. ದೇವರ ಮಾತನ್ನು ಎಲ್ಲಿ ಆಡಬೇಕು, ಎಲ್ಲಿ ಆಡಬಾರದು ಎಂಬುದು ಮಾತ್ರ ನನಗೆ ತಿಳಿಯಲಿಲ್ಲ.

ಎಂಬತ್ತರ ದಶಕದ ನಡುವೆ ನಾನು ನರ್ಸಾಗಿ ಗುತ್ತಲದ ಆಚೆ ಒಂದು ಹಳ್ಳಿಗೆ ಬಂದೆ. ಹಾವೇರಿ ಆಗ ಇನ್ನೂ ಧಾರವಾಡ ಜಿಲ್ಲೆಯ ಒಂದು ತಾಲೂಕು. ಗುತ್ತಲದಲ್ಲಿ ಬಸ್ಸಿಳಿದು ಮೂರು ಮೈಲಿ ನಡೆಯಬೇಕು. ಹೆಗಲಲ್ಲಿ ಲಸಿಕೆಯ ಡಬ್ಬಿ, ಕೈಯಲ್ಲಿ ಕೂಸುಗಳನ್ನು ತೂಗುವ ಗಡಿಯಾರದಂಥ ತಕ್ಕಡಿ. ಕೂಡ್ರಲು ಸ್ಥಳವಿಲ್ಲದೆ ನನ್ನ ದವಾಖಾನೆ ಬೇವಿನ ಗಿಡದ ಬುಡಕ್ಕೆ ಬಿತ್ತು. ಟೊಂಗೆಗೆ ತಕ್ಕಡಿ ತೂಗುಹಾಕಿ, ಕೂಸನ್ನು ಬಟ್ಟೆಯ ಜೋಳಿಗೆಯಲ್ಲಿ ಕೂಡಿಸಿ, ಮುಳ್ಳು ನಿಂತ ಕೂಡಲೇ ಅಪ್ಪನ ಮಗಳು ಕೂಗಿಬಿಡುತ್ತಿದ್ದೆ: "ಆರೂಮುಕ್ಕಾಲಾ!" ಸರಕಾರಿ ಕೆಲಸವನ್ನು ಪ್ರಾಮಾಣಿಕವಾಗಿ ಮಾಡುತ್ತಿದ್ದೇನೆಂಬ ಹೆಮ್ಮೆ ಬೇರೆ. ನೀರಿಗೆ ಹೋಗುವವರು ಕೊಡ ಇಳಿಸಿ ಕೇಳುತ್ತಿದ್ದರು, ಕಟ್ಟೆಯ ಮೇಲಿನ ಹಿರಿಯರು ಯಾರ ಕೂಸು ಎಷ್ಟೆಂದು ಹೋಲಿಸುತ್ತಿದ್ದರು. ತಾಯಂದಿರ ಮುಖ ಸಣ್ಣಗಾಗುವುದು ನನ್ನ ಕಣ್ಣಿಗೆ ಬೀಳಲಿಲ್ಲ.

ಆ ಊರಿಗೆ ಸೊಸೆಯಾಗಿ ಬಂದಿದ್ದ ಶಮೀಮ ಎಂಬ ಹುಡುಗಿ ತನ್ನ ಚೊಚ್ಚಲ ಹೆಣ್ಣುಕೂಸನ್ನು ತಂದಳು. ಗುಂಡುಗುಂಡಾದ ಕೂಸು. ನನಗೂ ಉತ್ಸಾಹ ಬಂದು ಎಂದಿಗಿಂತ ಗಟ್ಟಿಯಾಗಿ ಕೂಗಿದೆ: "ಎಂಟೂವರೀ!" ಕಟ್ಟೆಯ ಮೇಲಿನಿಂದ ಯಾರೋ "ಅಬಬಬ" ಎಂದರು. ಹದಿನೈದು ದಿನಕ್ಕೆ ಊರಲ್ಲಿ ದಡಾರ ಎದ್ದಿತು. ನಾಲ್ಕೈದು ಮಕ್ಕಳಿಗೆ ಬಂದು ಹೋಯಿತು. ಶಮೀಮಳ ಕೂಸು ಮಾತ್ರ ಹೋಯಿತು.

ಅದು ದಡಾರದಿಂದ ಹೋಯಿತೆಂದು ನನಗೆ ಗೊತ್ತು. ನರ್ಸಬಾಯಿ ನಾಲ್ಕು ಮಂದಿಯ ಮುಂದೆ ತೂಕ ಕೂಗಿ ನೆದರು ಹತ್ತಿಸಿದಳು, ಕೂಸಿಗೆ ಕೆಟ್ಟ ಕಣ್ಣು ಬಿತ್ತು ಎಂದು ಊರಿಗೆ ಗೊತ್ತು. ಮರುವಾರದಿಂದ ಬೇವಿನ ಗಿಡದ ಕೆಳಗೆ ನಾನು, ನನ್ನ ತಕ್ಕಡಿ, ಒಂದೆರಡು ಆಡು. ಮನೆಮನೆಗೆ ಹೋದರೆ ಕೂಸು ಮಲಗಿದೆ ಎನ್ನುತ್ತಿದ್ದರು. ಮಲಗಿದ ಕೂಸು ಒಳಗೆ ಅಳುವುದು ಕೇಳುತ್ತಿತ್ತು. ರಾತ್ರಿ ಊಟ ಸೇರುತ್ತಿರಲಿಲ್ಲ. ನನ್ನದೇನೂ ತಪ್ಪಿಲ್ಲವೆಂದು ಎಷ್ಟು ಸಲ ಹೇಳಿಕೊಂಡರೂ ಅಪರಾಧಿ ಅನಿಸುವುದು ನಿಲ್ಲಲಿಲ್ಲ.

ನನ್ನ ಹಾಗೆ ನೆಲೆಯಿಲ್ಲದ ಇನ್ನೊಬ್ಬರೆಂದರೆ ಬಾಲವಾಡಿಯ ಶಿಕ್ಷಕಿ ನೀಲವ್ವ ಅಕ್ಕೋರು. ಹೊಸರಿತ್ತಿಯ ಕಡೆಯವರು, ಚಿಕ್ಕಂದಿನಲ್ಲಿ ಅಲ್ಲಿಯ ಆಶ್ರಮದ ಶಾಲೆಯಲ್ಲಿ ನೂಲು ತೆಗೆದು ಓದಿದವರು. ಸದಾ ಖಾದಿ ಸೀರೆ, ಮೆತ್ತಗಿನ ಮಾತು, ಹಿಡಿದ ಹಟ ಬಿಡುವವರಲ್ಲ. ಮೂವತ್ತು ಮಕ್ಕಳನ್ನು ಅವರಿವರ ಪಡಸಾಲೆಯಲ್ಲಿ ಕೂಡಿಸುತ್ತಿದ್ದರು. ಮನೆಯವರಿಗೆ ಜೋಳ ಹಾಕಲು ಜಾಗ ಬೇಕಾದಾಗ ಮಕ್ಕಳೂ ಪಾಟಿಯೂ ಮುಂದಿನ ಪಡಸಾಲೆಗೆ. ಊರ ಹಿರಿಯರದು ಬೇರೆಯೇ ಬೇಡಿಕೆ: ಕೂಡಿ ಮಾತಾಡಲು, ಮದುವೆ ಮಾಡಲು ಒಂದು ಸಮುದಾಯ ಭವನ ಬೇಕು. ಸರಕಾರ ಒಂದೇ ಕಟ್ಟಡಕ್ಕೆ ಹಣ ಕೊಡುವುದಾಗಿ ಹೇಳಿತ್ತು. ಒಂದು ವರ್ಷದಲ್ಲಿ ಮೂರು ಸಭೆ ಬರೀ ಜಗಳದಲ್ಲಿ ಮುಗಿದವು. ನಾಲ್ಕನೆಯದರಲ್ಲಿ ನೀಲವ್ವ ಎದ್ದು ನಿಂತರು.

"ಹಿರ್ಯಾರ ಕೂಡೂದು ಸಂಜಿಕೆ. ಹುಡುಗೂರು ಕೂಡೂದು ಮುಂಜಾನೆ. ಒಂದ ಪಡಸಾಲಿ ಇಬ್ಬರಿಗೂ ಆಗತೈತಿ. ಮಗ್ಗಲಕ ನರಸಬಾಯಿಗೆ ಒಂದ ಖೋಲಿ. ಕೂಸು ತೂಗಿಸಾಕ ಬಂದ ತಾಯಿ ಅಲ್ಲೇ ಗಂಜಿ ಕುಡೀತಾಳ, ದೊಡ್ಡ ಹುಡುಗನ್ನ ನನ್ನ ಕಡೆ ಬಿಡತಾಳ. ಯಾರಿಗೆ ಏನ ತ್ರಾಸ ಐತಿ ಹೇಳ್ರಿ."

ಯಾರಿಗೂ ತ್ರಾಸವಿರಲಿಲ್ಲ, ಅದನ್ನು ಒಪ್ಪಿಕೊಳ್ಳಲು ಮಾತ್ರ ಇನ್ನೊಂದು ಸಭೆ ಬೇಕಾಯಿತು.

ಆಮೇಲೆ ಆ ಊರು ಕೆಲಸ ಮಾಡಿದ್ದನ್ನು ನೆನೆದರೆ ಇಂದಿಗೂ ನನ್ನ ಮನಸ್ಸು ತುಂಬುತ್ತದೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎನ್ನುವ ಮಾತನ್ನು ಕಣ್ಣಾರೆ ಕಂಡೆ. ಸಾಲುಗಟ್ಟಿದ ಚಕ್ಕಡಿಗಳಲ್ಲಿ ತುಂಗಭದ್ರೆಯ ಉಸುಕು ಬಂದಿತು. ಮನೆಗಿಷ್ಟು ಕಲ್ಲೆಂದು ಎಲ್ಲರೂ ಹೊತ್ತು ಹಾಕಿದರು. ಬಾಗಿಲು ಹಲಗೇರಿಯ ಬಡಿಗೇರನೊಬ್ಬ ಮಾಡಿಕೊಟ್ಟ. ನನ್ನನ್ನು ಕಂಡರೆ ಕೂಸು ಮುಚ್ಚಿಕೊಳ್ಳುತ್ತಿದ್ದ ಹೆಂಗಸರು ಗೋಡೆಗೆ ನೀರು ಹಾಕಲು ಕೊಡ ಹೊತ್ತು ಬಂದರು. ಬಂದವರು ನನ್ನ ಜೊತೆ ಮಾತಾಡುತ್ತಿರಲಿಲ್ಲ, ಅಷ್ಟೇ.

ಗೌಂಡಿಯಾಗಿ ಬಂದವರು ಖಾದರಸಾಬರು. ನಮ್ಮ ಬ್ಯಾಡಗಿಯವರೇ, ಶಮೀಮಳ ತಂದೆ. ಮಗಳ ಊರಿನ ಕೆಲಸವೆಂದು ತಾವಾಗಿ ಒಪ್ಪಿಕೊಂಡಿದ್ದರು. ಅವರನ್ನು ಕಂಡ ಮೊದಲ ದಿನ ನಾನು ದಾರಿ ಬದಲಿಸಲು ನೋಡಿದೆ. ಅವರು ಕರಣಿ ಕೆಳಗಿಟ್ಟು, "ಚಲೋ ಅದೀರಿ ಬಾಯಾರ? ನಿಮ್ಮ ಅಪ್ಪಾರ ಧ್ವನಿ ಪ್ಯಾಟ್ಯಾಗ ಭಾಳ ಕೇಳೇನಿ" ಎಂದರು. ಮೊಮ್ಮಗಳ ಸುದ್ದಿ ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ. ಆಗಲೇ ಶಮೀಮಳಿಗೆ ಎರಡನೆಯ ಕೂಸು ಹುಟ್ಟಿ ಕೆಲವು ತಿಂಗಳಾಗಿತ್ತು. ಒಂದು ಸಲ ದೂರದಿಂದ ಅವಳ ಹೆಗಲ ಮೇಲೆ ಕಂಡೆ. ಕಾಲು ಬೆಂಡಿನ ಹಾಗೆ ಇದ್ದವು, ಕತ್ತಿನ ಹತ್ತಿರ ಚರ್ಮ ನೆರಿಗೆಗಟ್ಟಿತ್ತು. ಈ ಕಟ್ಟಡದಿಂದ ನನಗೆ ಬೇಕಾದದ್ದು ಆಗಿನಿಂದ ಒಂದೇ. ಆ ಕೂಸು ನನ್ನ ತಕ್ಕಡಿಗೆ ಬರಬೇಕು. ಉಳಿದವರ ಮಕ್ಕಳ ಬಗ್ಗೆ ಕಾಳಜಿ ಇರಲಿಲ್ಲವೆಂದಲ್ಲ, ಈ ಕೂಸಿನ ಮುಂದೆ ಅದು ನೆನಪಿಗೆ ಬರುತ್ತಿರಲಿಲ್ಲ.

ಗೋಡೆ ಎದ್ದವು. ಗಟ್ಟಿ ಗೋಡೆ, ಮೂಲೆಗಳು ದಾರ ಹಿಡಿದಂತೆ ನೇರ. ಹಿರಿಯರು ಗೋಡೆಗೆ ಬೆನ್ನು ಹಚ್ಚಿ ನಿಂತು ಭೇಷ್ ಎಂದರು. ಒಳಗೆ ಹೋದ ನೀಲವ್ವ ಮಾತ್ರ ಮೇಲೆ ನೋಡುತ್ತ ನಿಂತುಬಿಟ್ಟರು. ಪಡಸಾಲೆಯಲ್ಲೂ ನನ್ನ ಕೋಣೆಯಲ್ಲೂ ಕಿಟಕಿಗಳು ಆಳಿಗಿಂತ ಎತ್ತರದಲ್ಲಿ, ಹಂಚಿನ ಕೆಳಗೆ, ಮೊರದಷ್ಟಗಲ ಇದ್ದವು. ನಾನು ಕಂಡ ಕೂಡಲೇ ಗುರುತಿಸಿದೆ. ಅದು ಬ್ಯಾಡಗಿಯ ಮೆಣಸಿನಕಾಯಿ ಗೋದಾಮು. ಬಿಸಿಲು ಬಿದ್ದರೆ ಕಾಯಿಯ ಬಣ್ಣ ಹಾರುತ್ತದೆ, ಗಾಳಿ ಇಲ್ಲದಿದ್ದರೆ ಬೂಸಲು ಹಿಡಿಯುತ್ತದೆ. ಅದಕ್ಕೇ ಅಲ್ಲಿ ಕಿಟಕಿ ಸಣ್ಣದು, ಮೇಲೆ. ಖಾದರಸಾಬರು ಆಯುಷ್ಯವೆಲ್ಲ ಕಟ್ಟಿದ್ದು ಅದನ್ನೇ. ನಾನು ಕೂಸುಗಳನ್ನು ಚೀಲದ ಹಾಗೆ ತೂಗಿದ್ದೆ, ಅವರು ಮಕ್ಕಳಿಗೆ ಚೀಲದ ಮನೆ ಕಟ್ಟಿದ್ದರು. ಒಂದೇ ಊರಿನ ನೀರು ಕುಡಿದವರು ನಾವು.

ಯಾರು ಹೇಳಬೇಕು? ಖಾದರಸಾಬರ ಗೋಡೆಯನ್ನು ಈವರೆಗೆ ಯಾರೂ ಕೆಡವಿಸಿರಲಿಲ್ಲವೆಂದು ಅವರ ಜೊತೆಯ ಆಳುಗಳೇ ಹೆಮ್ಮೆಯಿಂದ ಹೇಳುತ್ತಿದ್ದರು. ಹಿರಿಯರು ಕಟ್ಟೆಯ ಕಡೆ ಜಾರಿದರು. ನೀಲವ್ವ ಸೆರಗು ಸಿಕ್ಕಿಸಿಕೊಂಡು ನೆಲಕ್ಕೆ ಕುಳಿತು, ಪಕ್ಕದ ನೆಲ ತಟ್ಟಿದರು.

"ಖಾದರಸಾಬ್ರ, ಒಂದ ಗಳಿಗಿ ಇಲ್ಲೆ ಕುಂದರ್ರಿ."

ಅವರು ಕುಕ್ಕರಗಾಲಲ್ಲಿ ಕುಳಿತರು.

"ಹಂಗಲ್ರಿ. ಹುಡುಗೂರು ಕುಂದರತಾವಲ್ಲ, ಚಕ್ಕಳಮಕ್ಕಳ. ಹಾಂ. ಈಗ ಏನ ಕಾಣತೈತಿ?"

"ಗ್ವಾಡಿ."

"ಮತ್ತ?"

ಖಾದರಸಾಬರು ಒಂದು ಸುತ್ತು ಕತ್ತು ತಿರುಗಿಸಿದರು. "ಮತ್ತೂ ಗ್ವಾಡೀನ."

ಆಳುಗಳು ಆಚೆ ನೋಡಿದರು. ಖಾದರಸಾಬರಿಗೆ ಸಿಟ್ಟು ಬಂದಿತೇನೋ ಎಂದು ನನಗೆ ಅಂಜಿಕೆ. ಅವರು ಗಡ್ಡ ಕೆರೆದುಕೊಂಡು ಹೇಳಿದರು:

"ಮೆಣಸಿನಕಾಯಿ ಹೊರಗ ನೋಡಂಗಿಲ್ಲರಿ ಅಕ್ಕೋರ. ನನಗ ಹೊಳೀಲೇ ಇಲ್ಲ."

ಮರುದಿನ ಹಾರೆ ಹಿಡಿದವರು ಅವರೇ. ಆಳುಗಳು ಕೈ ಹಚ್ಚಲು ಬಂದರೆ, "ನನ್ನ ಗ್ವಾಡಿ ನಾನ ಕೆಡವತೇನಿ, ದೂರ ಸರೀರಿ" ಎಂದರು. ಅಷ್ಟು ಗಟ್ಟಿಯಾಗಿ ಕಟ್ಟಿದ್ದಕ್ಕೆ ಕೆಡವಲು ಎರಡು ದಿನ ಹಿಡಿಯಿತು. ಆಮೇಲೆ ಬಾಲವಾಡಿಯ ಎಲ್ಲರಿಗಿಂತ ಗಿಡ್ಡ ಹುಡುಗಿ ಕಲ್ಲವ್ವನನ್ನು ಕರೆದು ಗೋಡೆಯ ಪಕ್ಕದಲ್ಲಿ ಕೂಡಿಸಿದರು. ಅವಳ ಗದ್ದದ ಹತ್ತಿರ ಸುಣ್ಣದ ಖಡುವಿನಿಂದ ಗೀಟು ಹಾಕಿದರು. ಕಿಟಕಿಯ ದಂಡೆ ಆ ಗೀಟಿನಿಂದ ಆರಂಭ. ಎಲ್ಲ ಗೌಂಡಿಗಳ ಹತ್ತಿರವೂ ಅಳತೆಯ ಪಟ್ಟಿ ಇರುತ್ತದೆ. ಮಗುವಿನ ಗದ್ದದಿಂದ ಕಟ್ಟಡ ಅಳೆದವರನ್ನು ನಾನು ಅವರೊಬ್ಬರನ್ನೇ ಕಂಡದ್ದು. ಚೌಕಟ್ಟು ಕೂಡಿಸಿದ ದಿನ ಕಲ್ಲವ್ವ ದಂಡೆಗೆ ಗದ್ದವಿಟ್ಟು ಹೊರಗಿನ ಕೋಳಿಯ ಜೊತೆ ಮಾತಿಗಿಳಿದಳು. ಸಂಜೆ ಕುಳಿತ ಹಿರಿಯರೂ ಮೊಳಕಾಲಿಗೆ ಗಾಳಿ ಬರುತ್ತದೆಂದು ಖುಷಿಪಟ್ಟು, ಇದು ತಮ್ಮದೇ ಯೋಚನೆಯಾಗಿತ್ತೆಂದು ಹೇಳತೊಡಗಿದರು.

ನನ್ನ ಕೋಣೆಯ ಸರದಿ ಬಂದಿತು. ಅಲ್ಲಿ ಹಗಲೂ ಮಬ್ಬು. ನಾನೂ ಧೈರ್ಯ ಮಾಡಿ, ಇದನ್ನೂ ಕೆಳಗೆ ಇಳಿಸಿಕೊಡಿ ಎಂದೆ.

"ನಿಮ್ಮ ಖೋಲಿ ಹಿಂಗ ಇರಲಿ ಬಾಯಾರ."

"ಇಲ್ಲೆ ತಕ್ಕಡಿ ಮುಳ್ಳ ಕಾಣಂಗಿಲ್ಲರಿ."

ಅವರು ಕೈಯ ಸುಣ್ಣ ಉಜ್ಜಿಕೊಂಡರು. "ಬೇವಿನ ಗಿಡದ ಬುಡಕ ಹೊರಗಿನ ಕಣ್ಣ ಭಾಳ ಇದ್ದೂ. ಇಲ್ಲೆ ಒಂದೂ ಇರೂದು ಬ್ಯಾಡ."

ನನಗೆ ಅಳು ಬಂದಿತು. "ಖಾದರಸಾಬ್ರ, ಖರೇ ಹೇಳ್ರಿ. ನನ್ನ ಬಾಯಿಂದನ ಆತು ಅಂತ ನೀವೂ ನಂಬೀರೇನು?"

"ನಾ ನಂಬಂಗಿಲ್ಲ. ದಡಾರ ಅಂತ ನನಗೂ ಗೊತ್ತೈತಿ. ನನ್ನ ಮಗಳ ನಂಬತಾಳ. ಈ ಖೋಲಿ ಆಕಿ ಸಲವಾಗಿ ಕಟ್ಟೇನಿ." ಆಮೇಲೆ ಕೆಲಸದ ದನಿಯಲ್ಲಿ ಕೇಳಿದರು, "ಮುಳ್ಳ ಕಾಣಾಕ ಎಷ್ಟ ಬೆಳಕ ಬೇಕು?"

"ಒಂದ ಅಂಗೈಯಷ್ಟಿದ್ರ ಸಾಕು."

"ಮ್ಯಾಲಿಂದ ಬಂದ್ರ ನಡೀತೈತಿಲ್ಲ?"

ಎರಡು ದಿನ ಬಿಟ್ಟು ರಾಣೆಬೆನ್ನೂರಿಗೆ ಹೋಗಿ ಒಂದು ಗಾಜಿನ ಹಂಚು ತಂದರು. ಬಸ್ಸಿನ ಮೇಲೆ ಹಾಕು ಎಂದ ಕಂಡಕ್ಟರನೊಡನೆ ಜಗಳಾಡಿ, ಟವೆಲಿನಲ್ಲಿ ಸುತ್ತಿ, ಗುತ್ತಲದವರೆಗೂ ತೊಡೆಯ ಮೇಲೆ ಇಟ್ಟುಕೊಂಡು ಬಂದರಂತೆ. ಅಲ್ಲಿಂದ ಮೂರು ಮೈಲಿ ಎದೆಗವಚಿಕೊಂಡು ನಡಿಗೆ. ತಕ್ಕಡಿಯ ಕೊಂಡಿ ಇರುವಲ್ಲಿ, ಸರಿಯಾಗಿ ನೆತ್ತಿಯ ಮೇಲೆ ಆ ಹಂಚು ಕೂಡಿಸಿದರು. ಮಬ್ಬು ಕೋಣೆಯಲ್ಲಿ ಒಂದು ಬಿಸಿಲಕೋಲು ತಕ್ಕಡಿಯ ಮುಖದ ಮೇಲೆ ಇಳಿಯಿತು. ನನ್ನ ಅಜ್ಜಿಯ ಮಾಳಿಗೆ ಮನೆಯಲ್ಲಿ ಇಂಥದೇ ಒಂದು ಬೆಳಕಿಂಡಿ ಇತ್ತು. ಆ ಬೆಳಕನ್ನು ಹಿಡಿಯಲು ನಾವು ಮಕ್ಕಳು ಮುಷ್ಟಿ ಮಾಡಿ ಕಿತ್ತಾಡುತ್ತಿದ್ದೆವು. ನಾನು ಗೊತ್ತಿಲ್ಲದೆ ಕೈ ಚಾಚಿದೆ. ಖಾದರಸಾಬರು ನೋಡಿ ನಕ್ಕರು.

ಕಟ್ಟಡದ ಉದ್ಘಾಟನೆಗೆ ದೊಡ್ಡವರು ಬಂದು ದೊಡ್ಡ ಮಾತಾಡಿ ಹೋದರು. ನನಗೆ ಅದೊಂದೂ ನೆನಪಿಲ್ಲ. ನೆನಪಿರುವುದು ಆಮೇಲಿನ ಗುರುವಾರ. ನನ್ನ ಕೋಣೆಯ ಬಾಗಿಲಲ್ಲಿ ಖಾದರಸಾಬರು ಕೂಸನ್ನೆತ್ತಿಕೊಂಡು ನಿಂತಿದ್ದರು, ಹಿಂದೆ ಶಮೀಮ. ಅವರು ಕೂಸನ್ನು ಮಗಳ ಕೈಗೆ ಕೊಟ್ಟು, "ಜಾ ಬೇಟಿ" ಎಂದು ಹೊರಗಿನಿಂದ ಬಾಗಿಲು ಎಳೆದುಕೊಂಡರು. ಒಳಗೆ ನಾವಿಬ್ಬರೇ. ಶಮೀಮ ನಾಲ್ಕು ಗೋಡೆ ನೋಡಿದಳು, ಕಿಟಕಿಯ ಎತ್ತರ ನೋಡಿದಳು, ಆಮೇಲೆ ಕೂಸನ್ನು ಜೋಳಿಗೆಯಲ್ಲಿ ಕೂಡಿಸಿದಳು. ಮುಳ್ಳು ಐದೂಕಾಲಿಗೆ ನಿಂತಿತು. ರೂಢಿಯಿಂದ ನನ್ನ ಬಾಯಿ ತೆರೆಯಿತು. ಅವಳ ಕಣ್ಣು ನನ್ನ ತುಟಿಯ ಮೇಲಿತ್ತು. ನಾನು ತುಟಿ ಕಚ್ಚಿ ಹಿಡಿದೆ. ಕೂಸಿನ ತೂಕದ ಕಾರ್ಡಿನ ಮೇಲೆ ಒಂದು ಚುಕ್ಕೆ ಇಟ್ಟು, ಆ ವಯಸ್ಸಿನ ಕೂಸು ಇರಬೇಕಾದ ಗೀಟನ್ನು ಬೆರಳಿನಿಂದ ತೋರಿಸಿದೆ. ನಡುವೆ ಎಷ್ಟು ಅಂತರವಿದೆ ಎಂಬುದು ಓದು ಬಾರದವರಿಗೂ ತಿಳಿಯುವಂತಿತ್ತು. ಅವಳು ಚುಕ್ಕೆಯ ಮೇಲೆ ತನ್ನ ಬೆರಳಿಟ್ಟಳು, ಅದನ್ನು ನಿಧಾನ ಗೀಟಿನವರೆಗೆ ಎಳೆದಳು, ನನ್ನ ಮುಖ ನೋಡಿದಳು. ನಾನು ಹೂಂ ಎಂದು ಗೋಣು ಹಾಕಿದೆ.

ಅಂದಿನಿಂದ ಅವಳು ಮುಂಜಾನೆ ಬಂದು ಪಡಸಾಲೆಯಲ್ಲಿ ಮಕ್ಕಳ ಸಾಲಿಗೇ ಕೂಡುತ್ತಿದ್ದಳು. ನೀಲವ್ವ ಹೆಸರುಬೇಳೆಯ ಗಂಜಿಯನ್ನು ಕೂಸಿಗೆ ಚಮಚದಿಂದ ಕುಡಿಸುವುದನ್ನು ಕಲಿಸಿದರು, ಶೇಂಗಾ ಉಂಡೆಯನ್ನು ತಾಯಿಯ ಬಾಯಿಗೇ ತುರುಕಿದರು. ನಾನು ಪಕ್ಕದ ಕೋಣೆಯಲ್ಲಿ ದಡಾರದ ಸೂಜಿಯನ್ನೂ ಹಾಕಿದೆ. ಅವಳನ್ನು ಕಂಡು ಒಬ್ಬೊಬ್ಬರೇ ತಾಯಂದಿರು ಮರಳಿ ಬಂದರು. ಪ್ರತಿ ತಿಂಗಳೂ ನಾನು ಬಾಯಿ ಮುಚ್ಚಿ ಚುಕ್ಕೆ ಇಡುವುದು, ಅವರು ಬೆರಳಿಟ್ಟು ನೋಡುವುದು. ಅಪ್ಪ ಕಂಡಿದ್ದರೆ ಪಿಸಿಪಿಸಿ ವ್ಯಾಪಾರ ಎನ್ನುತ್ತಿದ್ದರು. ಚುಕ್ಕೆಗಳು ಮಾತ್ರ ಮೇಲೆ ಹತ್ತುತ್ತಿದ್ದವು.

ಯುಗಾದಿ ಕಳೆದ ಮೇಲೊಂದು ಗುರುವಾರ. ಶಮೀಮಳ ಕೂಸು ಆಗಲೇ ನನ್ನ ಬಳೆ ಹಿಡಿದು ಎಳೆಯುವಷ್ಟು ಗಟ್ಟಿಯಾಗಿತ್ತು. ಜೋಳಿಗೆಯಲ್ಲಿ ಕುಳಿತು ಕಾಲು ಒದೆಯುತ್ತಿದ್ದುದರಿಂದ ಮುಳ್ಳು ಬಹಳ ಹೊತ್ತು ಅತ್ತಿತ್ತ ಓಲಾಡಿ ನಿಂತಿತು. ಗಾಜಿನ ಹಂಚಿನ ಬಿಸಿಲು ಸರಿಯಾಗಿ ಅದರ ಮೇಲಿತ್ತು. ಎಂಟೂವರೆ.

ಮೊದಲ ಕೂಸಿನ ತೂಕ. ಆ ಅಂಕಿಯನ್ನು ಆ ತಾಯಿಯ ಮುಂದೆ ಚುಕ್ಕೆಯಾಗಿ ಇಡುವುದಕ್ಕೂ ನನಗೆ ಹೆದರಿಕೆ. ಶಮೀಮ ಕೂಸನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ಇಷ್ಟು ತಿಂಗಳು ತಕ್ಕಡಿಯನ್ನು ನೋಡಿ ನೋಡಿ ಅವಳಿಗೂ ಮುಳ್ಳು ಓದಲು ಬರುತ್ತಿತ್ತು.

"ಎಷ್ಟ ಬಂತ್ರಿ ಬಾಯಾರ?"

ನಾನು ಪೆನ್ನು ಹುಡುಕತೊಡಗಿದೆ.

"ಬರಿಯಾಕ ಬ್ಯಾಡ್ರಿ. ಬಾಯಿಲೆ ಹೇಳ್ರಿ."

ನಾನು ಅವಳ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದೆ. ಅವಳು ತಲೆ ಅಲ್ಲಾಡಿಸಿ ಹೋಗಿ, ಬಾಗಿಲನ್ನು ಪೂರ್ತಿ ತೆರೆದಳು. ಪಡಸಾಲೆಯ ಬೆಳಕು ಒಳಗೆ ಬಂದಿತು, ಮಕ್ಕಳ ಗದ್ದಲವೂ ಬಂದಿತು.

"ಹಂಗಲ್ಲ. ಮೊದಲ ಆ ಗಿಡದ ಬುಡಕ ಹೇಳಿದ್ರಲ್ಲ, ಹಂಗ ಹೇಳ್ರಿ. ಸೂಜಿ ಹಾಕೀರಲ್ಲ, ಈಗ ನನಗ ಅಂಜಿಕಿಲ್ಲ. ಎಲ್ಲಾರಿಗೂ ಕೇಳಬೇಕು."

ಹಳೆಯ ಧ್ವನಿ ಬಂದಿತು, ಅಪ್ಪನ ರಾಗ ಸಮೇತ. ಎಂಟೂವರೀ ಎಂದು ಕೂಗಿದೆ. ಪಡಸಾಲೆಯಲ್ಲಿ ನೀಲವ್ವ ಮಗ್ಗಿ ಹೇಳಿಸುತ್ತಿದ್ದರು. ಅಕ್ಕೋರು ಹೇಳಿದರೂ ನರ್ಸಬಾಯಿ ಹೇಳಿದರೂ ಮಕ್ಕಳಿಗೆ ಒಂದೇ. ಮೂವತ್ತೂ ಮಕ್ಕಳು ಒಟ್ಟಿಗೆ "ಎಂಟೂವರೀ" ಎಂದವು. ಅವರ ನಡುವೆ ಒಂದು ದಪ್ಪ ದನಿಯೂ ಸೇರಿತ್ತು. ನಾನು ಕೂಸನ್ನೆತ್ತಿಕೊಂಡು ಬಾಗಿಲಿಗೆ ಬಂದು ನೋಡಿದೆ. ತಗ್ಗು ಕಿಟಕಿಯ ಕೆಳಗೆ, ಕಲ್ಲವ್ವನ ಪಕ್ಕದಲ್ಲಿ, ಮಗಳ ಮನೆಗೆ ಬಂದಿದ್ದ ಖಾದರಸಾಬರು ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು.